ನಿಂತುಕೊಳ್ಳುವ ಕೆಲಸ

ಜೂನ್ ೪, ಬುಧವಾರ

ಬೆರಳುಗಳಿಗೆ ವ್ಯಾಯಾಮ ಆಗಬೇಕು, ದಿನಾ ಏನಾದರೂ ಬರೆಯಿರಿ ಎಂದು ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಹೇಳಿದರು. ಏನು ಬರೆಯಬೇಕೆಂದು ಹೇಳಲಿಲ್ಲ. ನಮ್ಮ ಯಜಮಾನರು ಬೀರು ತಡಕಾಡಿ ಹೋದ ವರ್ಷದ ಖಾಲಿ ಡೈರಿಯೊಂದನ್ನು ತಂದುಕೊಟ್ಟರು. ವರ್ಷವೂ ತಪ್ಪು, ವಾರವೂ ತಪ್ಪು. ಈ ಮನುಷ್ಯ ತರುವುದೆಲ್ಲ ಒಂದು ವರ್ಷ ತಡವೇ. ಹೊಡೆದುಹಾಕಿ ಮೇಲೆ ಬರೆದುಕೊಂಡಿದ್ದೇನೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು. ಇರಲಿ, ಕಾಗೆ ಗುಬ್ಬಿಗಳಾದರೂ ತಮ್ಮ ಕಾಲ ಮೇಲೆ ನಿಲ್ಲುತ್ತವೆ.

ಆಸ್ಪತ್ರೆಯ ಚೀಟಿಯಲ್ಲಿ ನನ್ನ ಜಾತಕ ಹೀಗಿದೆ: ಯಶೋಧಾ, ಐವತ್ತೆರಡು, ಹೆಣ್ಣು, ಸಿಟಿ ಬಸ್ ಕಂಡಕ್ಟರ್, ನಿಲ್ಲಲು ಆಗುವುದಿಲ್ಲ.

ಇಪ್ಪತ್ತಾರು ವರ್ಷ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಕೊಟ್ಟವಳು ನಾನು. ಕಂಬಿಗೆ ಜೋತುಬಿದ್ದು ತೂರಾಡುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಮೇ ತಿಂಗಳಲ್ಲಿ ಮೂರು ದಿನ ಭೇದಿಯಾಯಿತು, ತಾನಾಗಿ ನಿಂತಿತು. ಹತ್ತು ದಿನ ಕಳೆದ ಮೇಲೆ ಪಾದಕ್ಕೆ ಜೋಮು ಹಿಡಿಯಿತು. ಮಾರನೆಯ ದಿನ ಮೊಣಕಾಲು ಮಡಚಿಕೊಂಡಿತು. ಮೂರನೆಯ ದಿನ ಸೊಂಟದಿಂದ ಕೆಳಗೆ ನನ್ನದು ಎಂದು ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ. ರೋಗಾಣುವನ್ನು ಕೊಲ್ಲಲು ಹೊರಟ ನನ್ನದೇ ರಕ್ತದ ಸೈನ್ಯ, ಅದನ್ನು ಮುಗಿಸಿದ ಮೇಲೆ ಸುಮ್ಮನಿರಲಾರದೆ ನನ್ನ ನರಗಳ ಮೇಲಿನ ಹೊದಿಕೆಯನ್ನೇ ತಿಂದಿತಂತೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ. ಅದಕ್ಕೆ ಯಾವುದೋ ಫ್ರೆಂಚ್ ಹೆಸರು. ಆ ಹೆಸರು ಹೇಳಿದ ಮೇಲೆ ಡಾಕ್ಟರ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. ನನ್ನ ಮುಖದಲ್ಲಿ ಏನು ಕಂಡಿತೋ ಅವರು ನೋಡಲಿಲ್ಲ.

ಹೊದಿಕೆ ಮತ್ತೆ ಬೆಳೆಯುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು. ಬೆರಳು ನೋಯುತ್ತಿದೆ. ಸಾಕು.

ಜೂನ್ ೯, ಸೋಮವಾರ

ಫಿಸಿಯೋಥೆರಪಿ ಮಾಡಿಸಲು ಒಬ್ಬಳು ಹುಡುಗಿ ಬಂದಳು. ಹೆಸರು ಮಾನಸ. ಊದಿದರೆ ನಮ್ಮ ದಟ್ಟಗಳ್ಳಿಯಿಂದ ರಿಂಗ್ ರೋಡಿಗೆ ಹೋಗಿ ಬೀಳುವಂತಿದ್ದಾಳೆ.

"ಆಂಟಿ, ನಿಂತ್ಕೊಳೋದು ಕಲಿಯೋಣ," ಎಂದಳು.

"ನಂಗೆ ಕಲಿಸ್ತೀಯಾ? ನೀನು ಹುಟ್ಟೋಕೆ ಮುಂಚಿಂದ ನಾನು ನಿಂತೇ ಇದೀನಿ ಕಣಮ್ಮ."

"ನಿಂತಿದ್ದು ನೀವಲ್ಲ ಆಂಟಿ. ನಿಮ್ಮ ನರ, ಬೆನ್ನುಹುರಿ, ಮೆದುಳು, ಮೀನಖಂಡ ಎಲ್ಲ ಸೇರ್ಕೊಂಡು ನಿಮ್ಮನ್ನ ನಿಲ್ಲಿಸಿದ್ವು. ನಿಮಗೆ ಹೇಳಿರ್ಲಿಲ್ಲ, ಅಷ್ಟೆ."

ಆಮೇಲೆ ಪಾಠ ಶುರುವಾಯಿತು. ಯಾರೂ ಅಲುಗಾಡದೆ ನಿಲ್ಲುವುದಿಲ್ಲವಂತೆ. ನಿಂತಿದ್ದೇವೆ ಎಂದು ನಾವು ಅಂದುಕೊಂಡಿರುವಾಗ ಮೈ ಚೂರುಚೂರೇ ಮುಂದಕ್ಕೆ ಬೀಳುತ್ತಲೇ ಇರುತ್ತದಂತೆ. ಅಂಗಾಲು, ಪಾದದ ಕೀಲು, ಸ್ನಾಯುಗಳು "ಬೀಳ್ತಾ ಇದೀವಿ" ಎಂದು ಮೇಲಕ್ಕೆ ಸುದ್ದಿ ಕಳಿಸುತ್ತವೆ. ಕಣ್ಣು ಒಂದು ಸುದ್ದಿ ಕೊಡುತ್ತದೆ, ಕಿವಿಯ ಒಳಗಿನಿಂದ ಇನ್ನೊಂದು. ಮೇಲಿನಿಂದ ಅಪ್ಪಣೆಯಾಗುತ್ತದೆ, ಮೀನಖಂಡ ಒಂದಿಷ್ಟು ಜಗ್ಗುತ್ತದೆ, ಮೈ ಹಿಂದಕ್ಕೆ ಬರುತ್ತದೆ. ಜಾಸ್ತಿ ಬಂದರೆ ಮುಂಗಾಲಿನ ಸ್ನಾಯು ಮುಂದಕ್ಕೆ ಎಳೆಯುತ್ತದೆ. ಎಚ್ಚರವಾಗಿ ನಿಂತಿರುವ ಅಷ್ಟು ಹೊತ್ತೂ ಇದೇ ಜಗ್ಗಾಟ.

ಅಂದರೆ ಇಪ್ಪತ್ತಾರು ವರ್ಷ ನನ್ನ ಸೀರೆಯ ಕೆಳಗೆ ಒಂದು ಇಡೀ ಡಿಪೋ ಕೆಲಸ ಮಾಡುತ್ತಿತ್ತು. ಒಂದು ದಿನ ರಜೆ ಕೇಳಿರಲಿಲ್ಲ. ಈಗ ಎಲ್ಲವೂ ಒಟ್ಟಿಗೆ ಮುಷ್ಕರ ಹೂಡಿವೆ.

ಆ ಹುಡುಗಿ ಒಂದು ಕಡೆ, ಯಜಮಾನರು ಇನ್ನೊಂದು ಕಡೆ ಹಿಡಿದು ಎಬ್ಬಿಸಿದರು. ಕೈಬಿಟ್ಟಾಗ ಎರಡು ಸೆಕೆಂಡು ನಿಂತೆ. ಅಕ್ಕಿ ಮೂಟೆ ಇದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ.

ಜೂನ್ ೧೦, ಮಂಗಳವಾರ

ಮೂರು ಸೆಕೆಂಡು. ಬೇರೆ ಸುದ್ದಿ ಇಲ್ಲ.

ಜೂನ್ ೨೩, ಸೋಮವಾರ

ಯೂನಿಯನ್ನಿನ ನಾಗೇಂದ್ರ ಬಂದಿದ್ದ. ಕೈಯಲ್ಲಿ ಮೂಸಂಬಿ, ಮುಖದಲ್ಲಿ ಸಂತಾಪ. ನಾನಿನ್ನೂ ಬದುಕಿದ್ದೇನೆ ಎಂಬುದನ್ನು ಅವನಿಗೆ ನೆನಪಿಸಲು ಎರಡು ಸಲ ಕೆಮ್ಮಬೇಕಾಯಿತು.

"ಯಶೋಧಕ್ಕ, ನವೆಂಬರ್‌ನಲ್ಲಿ ಮೆಡಿಕಲ್ ಬೋರ್ಡು. ಫಿಟ್ ಅಂದ್ರೆ ಬಸ್ಸು. ಇಲ್ಲಾಂದ್ರೆ ಬಸ್ ಸ್ಟ್ಯಾಂಡಲ್ಲಿ ವಿಚಾರಣೆ ಕೌಂಟರು. ಆರಾಮಾಗಿ ಕೂತಿರಬೌದು ಬುಡಿ ಅಕ್ಕ."

ವಿಚಾರಣೆ ಕೌಂಟರು! ಗಾಜಿನ ಹಿಂದೆ ಕುಳಿತು "ಆ ಬಸ್ಸು ಹೋಯ್ತು, ಈ ಬಸ್ಸು ಬರುತ್ತೆ" ಎನ್ನುವುದು. ಅಲ್ಲಿ ಕೂತವರನ್ನೆಲ್ಲ ನಾನು ಗಿಣಿಶಾಸ್ತ್ರದ ಗಿಣಿಗಳು ಎಂದು ಕರೆಯುತ್ತಿದ್ದೆ, ಅವರಿಗೆ ಕೇಳುವಂತೆಯೇ.

"ಬೋರ್ಡಲ್ಲಿ ಏನು ಮಾಡಿಸ್ತಾರೆ?" ಎಂದೆ.

"ಏನಿಲ್ಲ, ಕಣ್ಣು ಮುಚ್ಕೊಂಡು ಕಾಲು ಜೋಡಿಸಿ ಅರ್ಧ ನಿಮಿಷ ನಿಲ್ಲಿ ಅಂತಾರೆ. ಅದೇನು ದೊಡ್ ವಿಷಯ?"

ಹೋಗುವಾಗ ಮೂಸಂಬಿಯಲ್ಲಿ ಎರಡನ್ನು ತಾನೇ ತಿಂದು ಹೋದ.

ಜುಲೈ ೮, ಮಂಗಳವಾರ

ನಮ್ಮ ಯಜಮಾನರ ವಿಷಯ ಬರೆಯದೆ ವಿಧಿಯಿಲ್ಲ, ದಿನವಿಡೀ ಕಣ್ಣಿಗೆ ಬೀಳುವುದು ಅವರೊಬ್ಬರೇ.

ಹೆಸರು ವಸಂತ್. ಕಸುಬು ಬೋರ್ಡ್ ಬರೆಯುವುದು. ಅಂದರೆ ಬರೆಯುತ್ತಿದ್ದುದು. ನಜರ್‌ಬಾದಿನಲ್ಲಿ ಒಂದು ಮಳಿಗೆ ಇತ್ತು. ಅರ್ಧ ಮೈಸೂರಿನ ಅಂಗಡಿಗಳ ಹೆಸರು ಅವರ ಕುಂಚದಿಂದ ಬಂದದ್ದಂತೆ. ಫ್ಲೆಕ್ಸ್ ಬಂತು, ಮಳಿಗೆ ಮುಚ್ಚಿತು, ಯಜಮಾನರು ಅಡುಗೆಮನೆಗೆ ಬಂದರು. ಹದಿನೈದು ವರ್ಷವಾಯಿತು. ತನ್ನ ಕಾಲ ಮೇಲೆ ತಾನು ನಿಲ್ಲಲಾರದ ಗಂಡಸು ಎಂದು ನಾನು ಎದುರಿಗೇ ಎಷ್ಟು ಸಲ ಅಂದಿದ್ದೇನೋ. ಅವರು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

ಇವತ್ತು ಬೆಳಿಗ್ಗೆ ಬಚ್ಚಲಿನಲ್ಲಿ ಬಿದ್ದೆ. ಗೋಡೆ ಹಿಡಿದುಕೊಂಡು ನಾನೇ ಹೋಗುತ್ತೇನೆ ಎಂದು ಹೊರಟಿದ್ದೆ. ಸೋಪು ತೆಗೆದುಕೊಳ್ಳಲು ಕಾಲಿನ ಮೇಲಿಂದ ಕಣ್ಣು ತೆಗೆದೆ, ಅಷ್ಟೆ. ಪಾದ ಎಲ್ಲಿದೆ ಎಂದು ನೋಡದೆ ನನಗೆ ತಿಳಿಯುವುದಿಲ್ಲ. ನೆಲಕ್ಕೆ ಬಡಿದ ಮೇಲೆಯೇ ಬೀಳುತ್ತಿದ್ದೇನೆ ಎಂಬ ಸುದ್ದಿ ಬಂತು.

ಯಜಮಾನರು ಓಡಿ ಬಂದರು. ಅಕ್ಕಪಕ್ಕದವರನ್ನು ಕರೆದರೆ ನಾಲಗೆ ಕತ್ತರಿಸುತ್ತೇನೆ ಎಂದೆ. ಎತ್ತಲು ಬರುತ್ತಾರೆಂದುಕೊಂಡರೆ, ಲುಂಗಿ ಮೇಲೆತ್ತಿ ಕಟ್ಟಿ ನನ್ನ ಪಕ್ಕದಲ್ಲಿ ಆ ಒದ್ದೆ ನೆಲದ ಮೇಲೇ ಕುಳಿತುಬಿಟ್ಟರು.

"ಎತ್ರೀ!" ಎಂದೆ.

"ನಾನೊಬ್ನೇ ಎತ್ತಿದ್ರೆ ಇಬ್ರೂ ಬೀಳ್ತೀವಿ ಕಣೆ. ಉಸಿರು ತಗೋ. ಸ್ವಲ್ಪ ಹೊತ್ತು ಕೂತ್ಕೊಳೋಣ."

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾವಿಬ್ಬರು ಪಕ್ಕಪಕ್ಕ ಸುಮ್ಮನೆ ಕುಳಿತದ್ದು ಇದೇ ಮೊದಲಿರಬೇಕು. ಅದೂ ಬಚ್ಚಲಿನಲ್ಲಿ. ನಲ್ಲಿ ತೊಟ್ಟಿಕ್ಕುತ್ತಿತ್ತು. ನಾನು ಅಳಲಿಲ್ಲ. ಮುಖದ ಮೇಲಿದ್ದದ್ದು ಬಚ್ಚಲಿನ ನೀರು.

ಆಮೇಲೆ ಅವರು ಪ್ಲಾಸ್ಟಿಕ್ ಸ್ಟೂಲ್ ತಂದಿಟ್ಟರು. ಮೊದಲು ಮಗ್ಗುಲಾಗು, ಮಂಡಿ ಊರು, ಸ್ಟೂಲಿನ ಮೇಲೆ ಕೈ ಇಡು, ಈಗ ನಾನು ಸೊಂಟ ಹಿಡಿಯುತ್ತೇನೆ ಎಂದು ಒಂದೊಂದಾಗಿ ಹೇಳಿದರು. ಎದ್ದೆ. ಬಿದ್ದರೆ ಎಬ್ಬಿಸುವುದು ಹೇಗೆ ಎಂದು ಮಾನಸಳನ್ನು ಹೋದ ತಿಂಗಳೇ ಕೇಳಿ ತಿಳಿದುಕೊಂಡಿದ್ದರಂತೆ. ನಾನು ಬೀಳುತ್ತೇನೆಂದು ಎಷ್ಟೊಂದು ನಂಬಿಕೆ!

ಜುಲೈ ೯, ಬುಧವಾರ

ಸೊಂಟ ನೋವು. ಎಣ್ಣೆ ಹಚ್ಚಿದರು.

ಆಗಸ್ಟ್ ೧೧, ಸೋಮವಾರ

ಒಂದು ತಿಂಗಳು ಬರೆಯಲಿಲ್ಲ. ಅದೇ ಕಾಲು, ಅದೇ ಹುಡುಗಿ, ಅದೇ ಉಪ್ಪಿಟ್ಟು.

ಈಗ ಕಣ್ಣು ಬಿಟ್ಟುಕೊಂಡು ಎರಡು ನಿಮಿಷ ನಿಲ್ಲುತ್ತೇನೆ, ಪಾದಗಳನ್ನೇ ದಿಟ್ಟಿಸುತ್ತ. ಹೊಸ ಚಪ್ಪಲಿ ಕೊಂಡವಳ ಹಾಗೆ. ಕಣ್ಣು ಮುಚ್ಚಿದರೆ ಆರು ಸೆಕೆಂಡಿಗೆ ಮಾನಸಳ ತೋಳಿನಲ್ಲಿ ಬಿದ್ದಿರುತ್ತೇನೆ. ಅವಳು ಊದಿದರೆ ಹಾರುವವಳಲ್ಲ, ಬಂಡೆ. ಅದು ನನ್ನ ತಪ್ಪು ಅಂದಾಜು.

"ಮೂರು ಕಡೆ ಸುದ್ದೀಲಿ ಕಾಲಿಂದು ಇನ್ನೂ ತಡವಾಗಿ, ಮಸುಕಾಗಿ ಬರ್ತಿದೆ ಆಂಟಿ. ಕಣ್ಣು ಆ ಕೊರತೆ ತುಂಬ್ತಿದೆ. ಕಣ್ಣು ಮುಚ್ಚಿದ್ರೆ ಮೆದುಳಿಗೆ ಗೊತ್ತಾಗೋ ಅಷ್ಟರಲ್ಲಿ ಬಸ್ಸು ಹೋಗಿರುತ್ತೆ."

ನನಗೆ ಅರ್ಥವಾಗಲೆಂದು ಎಲ್ಲದಕ್ಕೂ ಬಸ್ಸು ತರುತ್ತಾಳೆ. ಡಾಕ್ಟರಿಗೆ ಪಾಠ ಹೇಳುವಾಗ ಏನು ತರುತ್ತಾಳೋ.

ಅವಳು ಹೋದ ಮೇಲೆ ಯಜಮಾನರು ತಮ್ಮ ಕುಂಚವೊಂದನ್ನು ವ್ಯಾಯಾಮಕ್ಕೆಂದು ಹಾಕಿದ್ದ ನನ್ನ ಸೊಂಟದ ಬೆಲ್ಟಿಗೆ ಹಿಂದುಗಡೆ ಕಟ್ಟಿದರು. ತುದಿಗೆ ನೀಲಿ ಬಣ್ಣ. ಹಿಂದೆ ಸ್ಟೂಲಿನ ಮೇಲೆ ರಟ್ಟು ಇಟ್ಟು ಕುಂಚದ ತುದಿ ಅದಕ್ಕೆ ತಾಗುವಂತೆ ಮಾಡಿ, "ಒಂದು ನಿಮಿಷ ಅಲುಗಾಡದೆ ನಿಂತ್ಕೊ," ಎಂದರು. ನಿಂತೆ. ಕಲ್ಲಿನ ಹಾಗೆ ನಿಂತೆನೆಂದು ಆಣೆ ಮಾಡಿ ಹೇಳಬಲ್ಲೆ. ರಟ್ಟಿನ ಮೇಲೆ ಅಂಗೈ ಅಗಲದ ಗೋಜಲು.

"ಇದು ನಾನಾ?"

"ನೀನೇ."

ಆಮೇಲೆ ಅವರು ತಮಗೇ ಕಟ್ಟಿಕೊಂಡು ನಿಂತರು. ಅಲ್ಲೂ ಗೋಜಲೇ, ಚಿಕ್ಕದು, ಎಂಟಾಣೆ ಅಗಲ. ನೆಟ್ಟಗೆ ಇರುವವನೂ ಅಲ್ಲಾಡುತ್ತಾನೆ ಎಂದು ಕಣ್ಣಾರೆ ಕಂಡು ಏನೋ ಒಂದು ಸಂತೋಷವಾಯಿತು. ಬೇರೆಯವರ ತಪ್ಪು ಕಂಡರೆ ಆಗುವ ಸಂತೋಷವೇ ಇರಬೇಕು.

ಆಗಸ್ಟ್ ೧೨, ಮಂಗಳವಾರ

ಇವತ್ತು ಅವರು ಒಂದು ಮಾತು ಹೇಳಿದರು. ಏಣಿಯ ಮೇಲೆ ನಿಂತು ಅಕ್ಷರ ಬರೆಯುವಾಗ ಕೈ ನಡುಗುತ್ತದಂತೆ. ಕಿರುಬೆರಳ ತುದಿಯನ್ನು ಗೋಡೆಗೆ ಸುಮ್ಮನೆ ತಾಗಿಸಿದರೆ ನಡುಕ ನಿಲ್ಲುತ್ತದಂತೆ. "ಒರಗಬಾರದು. ತಾಗಿಸಬೇಕು ಅಷ್ಟೆ. ಒರಗಿದ್ರೆ ಅಕ್ಷರ ಕೆಡುತ್ತೆ."

ಕಣ್ಣು ಮುಚ್ಚಿ ನಿಂತೆ. ಅವರು ಒಂದು ಬೆರಳನ್ನು ನನ್ನ ಮೊಣಕೈಗೆ ತಾಗಿಸಿದರು. ನೊಣ ಕೂತಷ್ಟು ಭಾರ. ಆರು ಸೆಕೆಂಡಿಗೆ ಬೀಳುವವಳು ನಲವತ್ತು ಸೆಕೆಂಡು ನಿಂತೆ! ಎಣಿಸಿದ್ದು ಅವರೇ. ಅವರು ನಿಧಾನವಾಗಿ ಎಣಿಸುತ್ತಾರೆ, ಹಾಗಾಗಿ ಐವತ್ತೇ ಇರಬಹುದು.

ಮಾನಸ ಬಂದಾಗ ತೋರಿಸಿದೆವು. "ಅಂಕಲ್, ಇದನ್ನ ನಮಗೆ ಮೂರನೇ ವರ್ಷದಲ್ಲಿ ಪಾಠ ಮಾಡಿದ್ರು. ಬೆರಳು ಎತ್ತಿ ಹಿಡಿಯೋಲ್ಲ, ಸುದ್ದಿ ಕೊಡುತ್ತೆ ಅಷ್ಟೆ. ಆಂಟಿ ಎಷ್ಟು ವಾಲ್ತಿದಾರೆ ಅಂತ ಚರ್ಮ ಹೇಳಿಬಿಡುತ್ತೆ," ಎಂದಳು. ಅವರು ನಾಚಿಕೊಂಡು ಕಾಫಿ ಮಾಡಲು ಹೋದರು.

ಸೆಪ್ಟೆಂಬರ್ ೧೬, ಮಂಗಳವಾರ

ಒಬ್ಬಳೇ, ಕಣ್ಣು ಮುಚ್ಚಿ, ಹನ್ನೊಂದು ಸೆಕೆಂಡು. ಬೋರ್ಡಿಗೆ ಇನ್ನು ಎರಡು ತಿಂಗಳಿಗೂ ಕಡಿಮೆ. ಬೇಕಾದದ್ದು ಮೂವತ್ತು. ಮಾನಸ ಸುಳ್ಳು ಹೇಳುವುದಿಲ್ಲ, ಅದೊಂದು ದುರ್ಗುಣ ಅವಳಲ್ಲಿ. "ನರ ನಿಮ್ಮ ತಾರೀಕು ನೋಡ್ಕೊಂಡು ಬೆಳೆಯೋಲ್ಲ ಆಂಟಿ. ಮುಂದಿನ ಬೇಸಿಗೆ ಹೊತ್ತಿಗೆ ಬರಬಹುದು."

ನಾಗೇಂದ್ರನಿಗೆ ಫೋನ್ ಮಾಡಿದೆ. ಬೋರ್ಡಿನಲ್ಲಿ ತನ್ನ ಮಾತು ನಡೆಯುತ್ತದೆ ಎನ್ನುತ್ತಿದ್ದವನು ಈಗ "ಡಾಕ್ಟ್ರು ಹೊಸಬ್ರು ಅಕ್ಕ, ಪರಿಚಯ ಇಲ್ಲ," ಎಂದ. ಹಳಬರ ಪರಿಚಯವಾದರೂ ಇತ್ತೋ ಇಲ್ಲವೋ.

ಆದರೆ ನನಗೆ ಒಂದು ಉಪಾಯ ಹೊಳೆದಿದೆ. ರೋಗಿಯ ಜೊತೆ ಮನೆಯವರೊಬ್ಬರು ಒಳಗೆ ಬರಬಹುದು. ಸೆರಗು ಹೊದ್ದುಕೊಂಡರೆ ಮೊಣಕೈ ಕಾಣುವುದಿಲ್ಲ.

ಅಕ್ಟೋಬರ್ ೨, ಗುರುವಾರ

ವಿಜಯದಶಮಿ. ಊರಿನ ಕಾಲುಗಳೆಲ್ಲ ಅರಮನೆಯ ಕಡೆ. ಇಪ್ಪತ್ತಾರು ದಸರಾಗಳಲ್ಲಿ ನಾನು ಜಂಬೂಸವಾರಿ ಕಂಡವಳಲ್ಲ, ಬಸ್ಸಿನೊಳಗೆ ಬೆವರು ಕಂಡವಳು. ಈ ಸಲ ಟೀವಿಯಲ್ಲಿ ಕಂಡೆ. ಆನೆ ನಿಲ್ಲುವುದನ್ನೇ ನೋಡುತ್ತಿದ್ದೆ. ಅದಕ್ಕೆ ನಾಲ್ಕು ಕಾಲು. ನಾವು ಎರಡು ಕಾಲಿನ ಮೇಲೆ ನಿಂತು ಅಹಂಕಾರ ಬೇರೆ ಪಡುತ್ತೇವೆ.

ಅಕ್ಟೋಬರ್ ೨೭, ಸೋಮವಾರ

ತಾಲೀಮು ನಡೆದಿದೆ. ನಾನು ಸೆರಗು ಹೊದ್ದು ಕಣ್ಣು ಮುಚ್ಚಿ ನಿಲ್ಲುವುದು, ಅವರು ಪಕ್ಕದಲ್ಲಿ ಫೈಲು ಹಿಡಿದು ನಿಂತಂತೆ ನಟಿಸಿ, ಫೈಲಿನ ಅಡಿಯಿಂದ ಬೆರಳು ತಾಗಿಸುವುದು. ನಟನೆ ಅವರ ಹಣೆಯಲ್ಲಿ ಬರೆದಿಲ್ಲ. ಕಳ್ಳನ ಮುಖ ಮಾಡಿಕೊಂಡು ಸೀಲಿಂಗ್ ಫ್ಯಾನ್ ನೋಡುತ್ತಾರೆ.

"ಇದು ಮೋಸ ಅಲ್ವೇನೆ?" ಎಂದರು.

"ಮೋಸವಂತೆ! ಒಂದು ಬೆರಳು ತಾನೇ?"

"ಬಸ್ಸಲ್ಲಿ ನಾನಿರೋಲ್ವಲ್ಲ."

"ಬಸ್ಸಿಗೆ ಹೋದ್ರೆ ನಾನು ನಿಂತ್ಕೋತೀನಿ. ನಂಗೆ ಅಲ್ಲಿ ಅಭ್ಯಾಸ ಇದೆ."

ಅವರು ಮತ್ತೆ ಫೈಲು ಹಿಡಿದು ನಿಂತರು. ಒಬ್ಬಳೇ ನಿಂತರೆ ಇವತ್ತಿನ ಲೆಕ್ಕ ಹದಿನೇಳು. ಅವರ ಬೆರಳಿದ್ದರೆ ಒಂದು ನಿಮಿಷ ಹತ್ತು.

ನವೆಂಬರ್ ೧೨, ಬುಧವಾರ

ಇವತ್ತಿನದನ್ನು ಪೂರ್ತಿ ಬರೆದೇ ಮಲಗಬೇಕು.

ಬೆಳಿಗ್ಗೆ ಆಟೋದಲ್ಲಿ ಹೋದೆವು. ಇವರು ತಮ್ಮ ಒಳ್ಳೆಯ ಬಿಳಿ ಅಂಗಿ ಹಾಕಿಕೊಂಡಿದ್ದರು, ಯಾರದೋ ಮದುವೆಗೆ ಹೋಗುವವರ ಹಾಗೆ. ಬೋರ್ಡ್ ಎಂದರೆ ಮೇಜಿನ ಹಿಂದೆ ಮೂವರು ಡಾಕ್ಟರು. ಇಬ್ಬರು ಕಾಗದ ನೋಡುತ್ತಿದ್ದರು. ಮೂರನೆಯವರು, ವಯಸ್ಸಾದವರು, ಎದ್ದು ಬಂದು ಮಂಡಿಗೆ ಸುತ್ತಿಗೆಯಿಂದ ತಟ್ಟಿದರು. ಕಾಲು ಚೂರು ಹಾರಿತು. ಮೇ ತಿಂಗಳಲ್ಲಿ ಅದು ಹೆಣದ ಕಾಲಿನ ಹಾಗೆ ಸುಮ್ಮನಿತ್ತು. ಹಿಮ್ಮಡಿಯ ಮೇಲೆ ತಟ್ಟಿದಾಗ ಮಾತ್ರ ಉತ್ತರ ಬರಲಿಲ್ಲ.

"ನಿಂತ್ಕೊಳಿ. ಕಾಲು ಜೋಡಿಸಿ. ಕಣ್ಣು ಮುಚ್ಚಿ."

ಸೆರಗು ಹೊದ್ದುಕೊಂಡೆ. ಇವರು ಫೈಲು ಹಿಡಿದು ಪಕ್ಕಕ್ಕೆ ಬಂದರು. ಕಣ್ಣು ಮುಚ್ಚಿದೆ. ಬೆರಳು ಬಂತು. ಅದು ನಡುಗುತ್ತಿತ್ತು. ಏಣಿಯ ಮೇಲೆ ನಿಂತು ಆಳೆತ್ತರದ ಅಕ್ಷರ ಬರೆದ ಮನುಷ್ಯನ ಬೆರಳು ನನ್ನ ಮೊಣಕೈಯ ಮೇಲೆ ಗುಬ್ಬಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಆದರೂ ಸುದ್ದಿ ಸರಿಯಾಗಿಯೇ ಬರುತ್ತಿತ್ತು. ನಾನು ನಿಂತೇ ಇದ್ದೆ.

"ಮೂವತ್ತು," ಎಂದರು ಡಾಕ್ಟರು. "ವೆರಿ ಗುಡ್. ಇಷ್ಟು ಬೇಗ ಸುಧಾರಿಸೋದು ಅಪರೂಪ. ಫಿಟ್ ಅಂತ ಬರೀತೀನಿ."

ಪೆನ್ನಿನ ಮುಚ್ಚಳ ತೆಗೆದರು. ಆಗ ನನ್ನ ಬಾಯಿಗೆ ಏನಾಯಿತೋ ಗೊತ್ತಿಲ್ಲ. ಕಾಲು ಹೇಳಿದ ಮಾತು ಕೇಳದೆ ಆರು ತಿಂಗಳಾಗಿತ್ತು, ಇವತ್ತು ಬಾಯಿಯೂ ಅದರ ಜೊತೆ ಸೇರಿತು.

"ಸರ್, ನಿಲ್ಲಿ. ಇವರು ನನ್ನ ಮುಟ್ಟಿದ್ರು."

ಮೂವರೂ ತಲೆ ಎತ್ತಿದರು. ಇವರ ಕೈಯಿಂದ ಫೈಲು ಬಿತ್ತು.

"ಅಂದ್ರೆ?"

"ಒಂದು ಬೆರಳು ಸರ್. ಸೆರಗಿನ ಕೆಳಗೆ. ಅದಿಲ್ದಿದ್ರೆ ನಾನು ಬೀಳ್ತೀನಿ. ಉಪಾಯ ನಂದೇ, ಇವರದೇನೂ ತಪ್ಪಿಲ್ಲ. ಟಿಕೆಟ್ ಇಲ್ದೆ ಹತ್ತಿದೋರ್ನ ಇಪ್ಪತ್ತಾರು ವರ್ಷ ಮಧ್ಯದಲ್ಲೇ ಇಳಿಸಿದೀನಿ ಸರ್. ಈಗ ನಾನೇ ಹತ್ತಿ ಕೂತ್ರೆ ಎಂಗೆ?"

ಡಾಕ್ಟರು ಬಯ್ಯುತ್ತಾರೆಂದುಕೊಂಡೆ. ಅವರು ಕನ್ನಡಕ ತೆಗೆದು, "ಬರೀ ಬೆರಳಾ? ಒರಗಿರ್ಲಿಲ್ವಾ?" ಎಂದು ಇವರನ್ನೇ ಕೇಳಿದರು.

"ಒರಗಿದ್ರೆ ಕೆಡುತ್ತೆ ಸರ್," ಎಂದರು ಇವರು, ಅಕ್ಷರದ ವಿಷಯ ಹೇಳುವವರಂತೆ.

ಮತ್ತೆ ನಿಲ್ಲಿಸಿದರು. ಇವರನ್ನು ಬಾಗಿಲ ಬಳಿ ಕಳಿಸಿದರು. ಇಪ್ಪತ್ತೊಂದು ಸೆಕೆಂಡು. ಕಾಯಿಲೆ ಬಿದ್ದ ಮೇಲೆ ಇದೇ ಹೆಚ್ಚು. ಆಮೇಲೆ ಡಾಕ್ಟರ ಭುಜ ಹಿಡಿದುಕೊಂಡೆ. ಆರು ತಿಂಗಳು ಕೌಂಟರ್ ಕೆಲಸ, ಮತ್ತೆ ಮೇ ತಿಂಗಳಲ್ಲಿ ಬನ್ನಿ ಎಂದು ಬರೆದರು. ನಾನೂ ಗಿಣಿಯಾದೆ. ಹಳೆಯ ಗಿಣಿಗಳು ನನ್ನನ್ನು ಹೇಗೆ ಸ್ವಾಗತಿಸುತ್ತವೆ ಎಂದು ಚೆನ್ನಾಗಿ ಗೊತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಾಗ ಎದೆ ಉರಿಯುತ್ತಿತ್ತು. "ನಗ್ತೀರಾ? ನಗಿ," ಎಂದೆ. ಇವರು ನಗಲಿಲ್ಲ. "ಬಸ್ಸಲ್ಲಿ ಹೋಗೋಣ್ವಾ?" ಎಂದರು.

ಆರು ತಿಂಗಳ ಮೇಲೆ ಬಸ್ಸು ಹತ್ತಿದೆ. ಕಂಡಕ್ಟರ್ ಯಾರೋ ಹೊಸ ಹುಡುಗಿ, ನನ್ನ ಪರಿಚಯವಿಲ್ಲ. "ಮುಂದೆ ಹೋಗಿ ಅಜ್ಜಿ, ಬಾಗಿಲಲ್ಲಿ ನಿಲ್ಬೇಡಿ," ಎಂದಳು. ಅಜ್ಜಿ! ಜಾಗ ಕೊಡಲು ಒಬ್ಬಳು ಎದ್ದಳು. ಮುಂದಿನ ಸ್ಟಾಪಿನಲ್ಲೇ ಇಳಿಯುತ್ತೇನೆ ಎಂದು ಸುಳ್ಳು ಹೇಳಿ ನಿಂತೇ ಇದ್ದೆ, ಎರಡೂ ಕೈಯಲ್ಲಿ ಕಂಬಿ ಹಿಡಿದು. ಹೌದು, ಕಂಬಿ ಹಿಡಿದು. ಇವರು ಹೆಂಗಸರ ಗುಂಪಿನಲ್ಲಿ ಯಾರಿಗೂ ತಾಗಬಾರದೆಂದು ಕೈಕಟ್ಟಿ ನಿಂತಿದ್ದರು.

ಕೃಷ್ಣಮೂರ್ತಿಪುರಂ ಹತ್ತಿರ ಒಬ್ಬ ಸ್ಕೂಟರಿನವನು ಅಡ್ಡ ಬಂದ. ಡ್ರೈವರ್ ಬ್ರೇಕ್ ಒತ್ತಿದ. ಇಡೀ ಬಸ್ಸು ಮುಂದಕ್ಕೆ ಮುಗ್ಗರಿಸಿತು. ಇವರು ನೇರ ಎಂಜಿನ್ ಬಾನೆಟ್ಟಿನ ಕಡೆ ಹಾರಿದರು.

ಆಮೇಲೆ ನೋಡಿದರೆ ನನ್ನ ಎಡಗೈ ಕಂಬಿಯ ಮೇಲಿತ್ತು, ಬಲಗೈಯಲ್ಲಿ ಇವರ ಅಂಗಿಯ ಕಾಲರ್ ಇತ್ತು, ಒಂದು ಕಾಲು ಮುಂದಕ್ಕೆ ಹೋಗಿ ಊರಿಕೊಂಡಿತ್ತು. ಅದನ್ನು ಮುಂದಕ್ಕೆ ಇಡು ಎಂದು ನಾನು ಹೇಳಿದ ನೆನಪಿಲ್ಲ.

"ಕಂಬಿ ಹಿಡ್ಕೊಳಕ್ಕೆ ಏನು ಬ್ಯಾನೆ ನಿಮಗೆ?" ಎಂದು ಬೈದೆ. ಬಸ್ಸಿಗೆಲ್ಲ ಕೇಳಿಸಿತು. ಕಂಡಕ್ಟರ್ ಹುಡುಗಿ ತಿರುಗಿ ನೋಡಿದಳು.

"ನೀನಿದೀಯಲ್ಲ," ಎಂದರು ಇವರು, ಉಸಿರು ಎಳೆದುಕೊಳ್ಳುತ್ತ.

ಮಾತು ನೋಡಿ! ನಾನಂತೆ! ಇಪ್ಪತ್ತೊಂದು ಸೆಕೆಂಡಿನವಳು.

ಕಾಲರ್ ಎಳೆದ ರಭಸಕ್ಕೆ ಅಂಗಿಯ ಮೇಲಿನ ಎರಡು ಗುಂಡಿ ಕಿತ್ತುಹೋದವು. ಒಂದು ಸಿಕ್ಕಿತು, ಒಂದು ಬಸ್ಸಿನಲ್ಲೇ ಹೋಯಿತು. ಇವರಿಗಿರುವುದು ಅದೊಂದೇ ಒಳ್ಳೆಯ ಅಂಗಿ. ನಾಳೆ ಬೇರೆ ಗುಂಡಿ ಹುಡುಕಿ ಹೊಲಿದುಕೊಡಬೇಕು. ಸೂಜಿಗೆ ದಾರ ಪೋಣಿಸುವಷ್ಟು ನನ್ನ ಬೆರಳು ಇನ್ನೂ ಪಳಗಿಲ್ಲ. ಪೋಣಿಸಿಕೊಡಿ ಎಂದರೆ ಅವರು ಕೊಡುತ್ತಾರೆ.